ಆಕ್ಸಲ್ ಬೂಟ್ ಹರಿದಿದ್ರೆ ಮೊದ್ಲು ಹರಿದಿರೋ ಜಾಗ ನೋಡಿ, ಪಾನಾ ಆಮೇಲೆ

ಮೂರು ತಿಂಗಳ ಹಿಂದೆ ತಾನೇ ನನ್ನ ಕಾರಿಗೆ ಹೊಸದು ಹಾಕ್ಸಿದ್ದ ಆಕ್ಸಲ್ ಬೂಟು, ಅಂದ್ರೆ ವೀಲಿಗೆ ಹೋಗೋ ಶಾಫ್ಟಿನ ರಬ್ಬರ್ ಮುಸುಕು, ಮತ್ತೆ ಹರಿದಿತ್ತು, ಅದೂ ಅದೇ ಎಡಗಡೆ ಮುಂದಿನ ವೀಲು, ಅದೇ ಹೊರಗಿನ ಬೂಟು. ಕಂಡುಹಿಡಿದಿದ್ದು ನಾನಲ್ಲ, ಮಂಡ್ಯದ ನೂರಡಿ ರಸ್ತೆ ಹತ್ರ ವಾಟರ್ ಸರ್ವಿಸ್ ಮಾಡೋ ಹುಡುಗ. ದೊಡ್ಡಮ್ಮನ ಮನೆಗೆ ಹೋಗಿದ್ದೆ, ನಾಲೆ ಏರಿ ಮೇಲೆ ಕಬ್ಬಿನ ಗದ್ದೆ ದಾರಿಲಿ ಓಡಾಡಿ ಕಾರೆಲ್ಲಾ ಕೆಸರಾಗಿತ್ತು, ತೊಳೆಸೋಣ ಅಂತ ಬಿಟ್ಟೆ. ವೀಲ್ ಒಳಗೆ ನೀರು ಬಿಡ್ತಿದ್ದೋನು ಗನ್ ನಿಲ್ಸಿ, "ಅಣ್ಣೋ ಬಾ ಇಲ್ಲಿ, ಒಳ್ಗಡೆ ಎಲ್ಲಾ ಗ್ರೀಸ್ ಎರ್ಚಾಡ್ಬುಟ್ಟೈತೆ, ಎಷ್ಟ್ ನೀರ್ ಬುಟ್ರೂ ಹೋಯ್ತಾ ಇಲ್ಲ" ಅಂದ. ಬಗ್ಗಿ ನೋಡಿದ್ರೆ ಅಲಾಯ್ ಒಳಮೈ ಮೇಲೆ ಕಪ್ಪು ಗ್ರೀಸು ಒಂದೇ ಗೆರೆಲಿ ಸುತ್ತಾ ಬಡಿದಿದೆ, ಹೋಳಿ ಆಡಿದ ಹಾಗೆ.

ಕಾರು 2016ರ ಪೋಲೋ ಜಿಟಿ ಟಿಎಸ್‌ಐ. ಇದನ್ನ ಸ್ಪೋರ್ಟ್ಸ್ ಕಾರ್ ಅಂದ್ರೆ ನಗೋರು ನಗ್ಲಿ ಪರವಾಗಿಲ್ಲ, 1.2 ಲೀಟರ್ ಟರ್ಬೋ, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕು, ತಾನೇ ಗೇರ್ ಬದಲಾಯಿಸೋ 7 ಗೇರಿನ ಡಿಎಸ್‌ಜಿ ಗೇರ್ ಬಾಕ್ಸು, ನಮ್ಮ ಬಜೆಟ್ಟಿಗೆ ಚಾಮುಂಡಿ ಬೆಟ್ಟದ ತಿರುವಲ್ಲಿ ಮುಖದ ಮೇಲೆ ನಗು ತರ್ಸೋಕೆ ಇಷ್ಟು ಸಾಕು. ಸಾಲದ್ದಕ್ಕೆ ನಾನು ಕಾರನ್ನ ತಗ್ಗಿಸೋ ಲೋಯರಿಂಗ್ ಸ್ಪ್ರಿಂಗ್ ಬೇರೆ ಹಾಕ್ಸಿದ್ದೀನಿ, ಹಂಪು ಬಂದಾಗೆಲ್ಲ ನಮ್ಮಪ್ಪ ಬೈತಾರೆ. ಈ ಸ್ಪ್ರಿಂಗ್ ವಿಷಯ ನೆನಪಿಟ್ಕೊಳಿ, ಮುಂದೆ ಬರುತ್ತೆ.

ಬೂಟ್ ಅಂದ್ರೇನು ಅಂತ ಗೊತ್ತಿಲ್ಲದೋರಿಗೆ ಎರಡು ಮಾತು. ಗೇರ್ ಬಾಕ್ಸಿಂದ ವೀಲಿಗೆ ಹೋಗೋ ಶಾಫ್ಟಿಗೆ ಎರಡೂ ತುದಿಲಿ ಸಿವಿ ಜಾಯಿಂಟ್ ಅನ್ನೋ ಬಾಗೋ ಕೀಲು ಇರುತ್ತೆ. ವೀಲ್ ಕಡೇದು ಒಂದು ಲೋಟದ ಥರ, ಒಳಗೆ ಆರು ಗುಂಡು, ಗುಂಡು ಓಡಾಡೋಕೆ ಕೊರೆದಿರೋ ಕಾಲುವೆ, ಗುಂಡುಗಳನ್ನ ಹಿಡ್ಕೊಳ್ಳೋ ಒಂದು ಪಂಜರ. ಸ್ಟೇರಿಂಗ್ ಪೂರ್ತಿ ತಿರುಗ್ಸಿದಾಗ ಸುಮಾರು 45 ಡಿಗ್ರಿ ಬಾಗ್ಕೊಂಡೇ ಇದು ಎಂಜಿನ್ ತಾಕತ್ತನ್ನ ವೀಲಿಗೆ ದಾಟಿಸ್ಬೇಕು. ಇದಕ್ಕೆ ಬೇಕಾದ ಗ್ರೀಸು ಆಚೆ ಹೋಗ್ದೇ ಇರೋ ಹಾಗೆ, ಧೂಳು ನೀರು ಒಳಗೆ ಬರ್ದೇ ಇರೋ ಹಾಗೆ ಮುಚ್ಚಿರೋ ಅಕಾರ್ಡಿಯನ್ ಥರದ ರಬ್ಬರೇ ಬೂಟು. ಒಳಗಿನ ಬೂಟು ಬಾಗೋದು ಕಮ್ಮಿ, ಅದಕ್ಕೆ ಆಯಸ್ಸು ಜಾಸ್ತಿ, ಸಾಮಾನ್ಯವಾಗಿ ಮೊದ್ಲು ಹೋಗೋದು ಹೊರಗಿಂದೇ.

ಸದ್ದು ಬರ್ಲಿ ನೋಡೋಣ ಅಂತ ಕೂತ್ರೆ ಕೆಟ್ರಿ

ಎಲ್ಲರೂ ಹೇಳೋದು "ಟಕ್ ಟಕ್ ಸದ್ದು ಬಂದ್ರೆ ಬೂಟ್ ನೋಡ್ಸಿ" ಅಂತ. ಅದು ಹೇಗಿದೆ ಅಂದ್ರೆ ಹಾಲು ಉಕ್ಕಿ ಸ್ಟೌ ಆರಿದ ಮೇಲೆ ಅಡುಗೆಮನೆಗೆ ಓಡಿದ ಹಾಗೆ. ಸದ್ದು ಬಂತು ಅಂದ್ರೆ ಆಗ್ಲೇ ಮಣ್ಣು ಒಳಗೋಗಿ ಗುಂಡು ಕಾಲುವೆ ಎರಡನ್ನೂ ತಿಂದಿದೆ, ಇನ್ನು ಬರೀ ಬೂಟ್ ಹಾಕಿ ಉಪಯೋಗ ಇಲ್ಲ, ಜಾಯಿಂಟೇ ಬದಲಾಯಿಸ್ಬೇಕು. ಮೊದಲ ಗುರುತು ಸದ್ದಲ್ಲ, ಗ್ರೀಸು. ವೀಲ್ ಒಳಮೈ, ಶಾಕ್ ಅಬ್ಸಾರ್ಬರ್ ಕೆಳಭಾಗ, ಲೋವರ್ ಆರ್ಮ್, ಬ್ರೇಕ್ ಕ್ಯಾಲಿಪರ್ ಹಿಂಭಾಗ, ಇಲ್ಲೆಲ್ಲಾ ಚುಕ್ಕಿ ಚುಕ್ಕಿಯಾಗಿ ಎರಚಿರುತ್ತೆ. ಶಾಫ್ಟ್ ಗಿರಗಿರ ತಿರುಗೋದ್ರಿಂದ ಗ್ರೀಸು ತೊಟ್ಟಿಕ್ಕಲ್ಲ, ಸಿಡಿಯುತ್ತೆ, ಅದಕ್ಕೇ ಪಾರ್ಕಿಂಗ್ ನೆಲ ಪೂರ್ತಿ ಕ್ಲೀನಾಗಿದ್ರೂ ಬೂಟ್ ಹರಿದಿರ್ಬಹುದು.

ನೋಡೋಕೆ ಜಾಕ್ ಕೂಡ ಬೇಡ. ಸ್ಟೇರಿಂಗ್ ಪೂರ್ತಿ ಒಂದ್ಕಡೆ ತಿರುಗ್ಸಿ ನಿಲ್ಸಿ, ಮೊಬೈಲ್ ಟಾರ್ಚ್ ಹಾಕಿ ವೀಲ್ ಹಿಂದೆ ಇಣುಕಿ. ತಿರುಗ್ಸಲೇಬೇಕು ಯಾಕೆ ಅಂದ್ರೆ ವೀಲ್ ನೇರ ಇದ್ದಾಗ ಸೀಳು ಬಾಯಿ ಮುಚ್ಕೊಂಡಿರುತ್ತೆ, ಬಾಗಿದಾಗ ಮಾತ್ರ ತೆರ್ಕೊಳುತ್ತೆ. ಆಮೇಲೆ ಕಾರನ್ನ ಒಂದೆರಡು ಅಡಿ ಮುಂದೆ ತಳ್ಳಿ ಮತ್ತೊಂದ್ಸಲ ನೋಡಿ, ಸೀಳು ಮೇಲ್ಗಡೆ ಹೋಗಿ ಕೂತಿದ್ರೆ ಮೊದಲ ಸಲ ಕಾಣಲ್ಲ. ಹಿಂದಿನ ಸರ್ವಿಸಲ್ಲಿ "ಬೂಟ್ ಎಲ್ಲಾ ಓಕೆ ಸಾರ್" ಅಂತ ಟಿಕ್ ಹಾಕಿ ಕಳ್ಸಿರೋ ಕಾರುಗಳಲ್ಲಿ ಎಷ್ಟೋ ಹೀಗೇ ತಪ್ಪಿಸ್ಕೊಂಡಿರ್ತವೆ ಅಂತ ನನ್ನ ಅನುಮಾನ.

ಕೈಗೆ ಹತ್ತಿದ್ದು ಗ್ರೀಸೇನಾ ಅಂತಲೂ ನೋಡ್ಬೇಕು. ಸಿವಿ ಗ್ರೀಸು ಮಂದ, ಕಪ್ಪು ಬೂದಿ ಬಣ್ಣ, ಬೆರಳಿಗೆ ಹತ್ತಿದ್ರೆ ಸೋಪು ಹಾಕಿ ಎರಡು ಸಲ ತೊಳೆದ್ರೂ ಉಗುರು ಸಂದಿಲಿ ಉಳಿಯುತ್ತೆ. ತೆಳ್ಳಗೆ ನೀರಿನ ಥರ ಇದ್ದು ಟೈರ್ ಒಳಗೋಡೆ ಮೇಲೆ ಇಳಿದಿದ್ರೆ ಬ್ರೇಕ್ ಆಯಿಲ್ ಇರ್ಬಹುದು, ಬಾನೆಟ್ ತೆಗೆದು ಬ್ರೇಕ್ ಆಯಿಲ್ ಲೆವೆಲ್ ನೋಡಿ, ಕಮ್ಮಿ ಆಗಿದ್ರೆ ಕಾರ್ ತೆಗೀಲೇಬೇಡಿ, ಬೂಟಿನ ಮಾತು ಆಮೇಲೆ. ಶಾಕ್ ಅಬ್ಸಾರ್ಬರ್ ಮೈ ಮಾತ್ರ ಮೇಲಿಂದ ಕೆಳಗೆ ಒದ್ದೆಯಾಗಿದ್ರೆ ಅದರದ್ದೇ ಆಯಿಲ್ ಸೀಲ್ ಹೋಗಿದೆ. ಗೇರ್ ಬಾಕ್ಸ್ ಕಡೆ ತುದಿಲಿ ತೆಳು ಎಣ್ಣೆ ಜಿನುಗ್ತಿದ್ರೆ ಅದು ಗೇರ್ ಬಾಕ್ಸ್ ಸೀಲಿನ ಕಥೆ.

ಸದ್ದು ಬಂದಿದ್ರೆ ಯಾವುದ್ರದ್ದು

ಖಾಲಿ ಮೈದಾನಕ್ಕೆ ಹೋಗಿ, ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, ಸ್ಟೇರಿಂಗ್ ಫುಲ್ ಬಲಕ್ಕೆ ತಿರುಗ್ಸಿ ನಿಧಾನವಾಗಿ ಎರಡು ರೌಂಡು, ಆಮೇಲೆ ಎಡಕ್ಕೆ ಎರಡು ರೌಂಡು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಟಕ್ ಟಕ್ ಟಕ್ ಅಂತ ವೀಲ್ ಸ್ಪೀಡಿಗೆ ತಕ್ಕ ಹಾಗೆ ಜೋರಾದ್ರೆ ಹೊರಗಿನ ಜಾಯಿಂಟು. ಬಲಕ್ಕೆ ತಿರುಗಿದಾಗ ಹೊರ ಸುತ್ತಲ್ಲಿ ಓಡೋದು ಎಡಗಡೆ ವೀಲು, ಭಾರ ಅದರ ಮೇಲೆ, ಹಾಗಾಗಿ ಬಲ ತಿರುವಲ್ಲಿ ಸದ್ದು ಅಂದ್ರೆ ಸಾಮಾನ್ಯವಾಗಿ ಎಡಗಡೆ ಜಾಯಿಂಟು. ನೂರಕ್ಕೆ ನೂರು ಅಲ್ಲ, ಎರಡೂ ಕಡೆ ನೋಡೇ ತೀರ್ಮಾನ ಮಾಡಿ. ನಮ್ಮೂರು ಮೈಸೂರಲ್ಲಿ ಸರ್ಕಲ್ಲಿಗೇನು ಬರ ಇಲ್ವಲ್ಲ, ಕೆ.ಆರ್. ಸರ್ಕಲ್ ಸುತ್ತಿ ಚೆಕ್ ಮಾಡ್ದೆ ಸದ್ದಿಲ್ಲ ಅಂತ ನಮ್ಮಣ್ಣ, ಅಂದ್ರೆ ದೊಡ್ಡಮ್ಮನ ಮಗ, ವಾದ ಮಾಡ್ದ. ಅಷ್ಟು ದೊಡ್ಡ ಸುತ್ತಲ್ಲಿ ಸ್ಟೇರಿಂಗ್ ತಿರುಗೋದೇ ಒಂಚೂರು, ಅಲ್ಲೂ ಸದ್ದು ಬಂತು ಅಂದ್ರೆ ಜಾಯಿಂಟ್ ಕೈಗೇ ಬರೋ ಸ್ಥಿತಿಲಿದೆ ಅಂತ ಅರ್ಥ.

ಬೆಟ್ಟ ಹತ್ತುವಾಗ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಾರು ಗಡಗಡ ನಡುಗಿ, ಕಾಲು ತೆಗೆದ ತಕ್ಷಣ ನಿಂತ್ರೆ ಒಳಗಿನ ಜಾಯಿಂಟ್ ನೋಡಿ. ಬಿಟ್ಟು ಒತ್ತಿ ಮಾಡಿದಾಗ ಒಂದೇ ಒಂದು ದಡ್ ಅಂದ್ರೆ ಒಳ ಜಾಯಿಂಟೂ ಇರ್ಬಹುದು, ಎಂಜಿನ್ ಕೂರೋ ರಬ್ಬರ್ ಮೌಂಟೂ ಇರ್ಬಹುದು, ನಾನಾದ್ರೆ ಮೌಂಟಿಂದ ಶುರು ಮಾಡ್ತೀನಿ. ಬೆಂಗಳೂರು ಹೈವೇಲಿ ಸ್ಪೀಡು ಹೆಚ್ಚಿದ ಹಾಗೆ ಹೂಂ ಅಂತ ಒಂದೇ ಸಮ ಗುಂಯ್‌ಗುಟ್ಟೋದು ವೀಲ್ ಬೇರಿಂಗು, ಅದಕ್ಕೂ ಬೂಟಿಗೂ ಸಂಬಂಧ ಇಲ್ಲ. ಸ್ಟೇರಿಂಗ್ ನಿಂತಲ್ಲೇ ತಿರುಗ್ಸಿದಾಗ ಕಟಕ್ ಅಂದ್ರೆ ಸ್ಟ್ರಟ್, ಅಂದ್ರೆ ಸ್ಪ್ರಿಂಗು ಶಾಕ್ ಅಬ್ಸಾರ್ಬರ್ ಸೇರಿರೋ ಕಂಬ, ಅದರ ಮೇಲಿನ ಮೌಂಟು, ಇದನ್ನ ಸಿವಿ ಜಾಯಿಂಟ್ ಅಂತ ಹೇಳಿ ಪೂರ್ತಿ ಆಕ್ಸಲ್ ಮಾರೋರೂ ಇದ್ದಾರೆ, ಹುಷಾರು.

ಹರಿದಿರೋ ರೀತಿಲೇ ಕಾರಣ ಇರುತ್ತೆ

ಈಗ ಮುಖ್ಯ ವಿಷಯ. ಬೂಟ್ ಹರಿದಿದೆ ಅಂದ ತಕ್ಷಣ ಎಲ್ಲರೂ ಹಳೇದನ್ನ ಬ್ಲೇಡಲ್ಲಿ ಕುಯ್ದು ಬುಟ್ಟಿಗೆ ಎಸೀತಾರೆ. ಎಸೀಬೇಡಿ. ಒರೆಸಿ, ಸೀಮೆಎಣ್ಣೆಲಿ ತೊಳ್ದು, ಬೆಳಕಿಗೆ ಹಿಡಿದು ನೋಡಿ. ಯಾಕೆ ಹರೀತು ಅನ್ನೋದು ಆ ರಬ್ಬರಲ್ಲೇ ಬರೆದಿರುತ್ತೆ, ಅದನ್ನ ಓದ್ದೇ ಹೊಸದು ಹಾಕಿದ್ರೆ ನನ್ನ ಥರ ಮೂರು ತಿಂಗಳಿಗೆ ಮತ್ತೆ ಬರ್ತೀರ.

ಮಡಿಕೆಗಳ ಒಳಗುಳಿಲಿ, ಅಂದ್ರೆ ಎರಡು ಉಬ್ಬಿನ ನಡುವಿನ ತಗ್ಗಲ್ಲಿ, ಸುತ್ತಾ ಸಣ್ಣ ಸಣ್ಣ ಬಿರುಕು ಬಂದು ಅವು ಸೇರ್ಕೊಂಡು ಹರಿದಿದ್ರೆ ವಯಸ್ಸಾಗಿದೆ ಅಷ್ಟೇ. ಬಿಸಿಲು, ಬಿಸಿ, ವರ್ಷಾನುಗಟ್ಲೆ ಬಾಗಿ ಬಾಗಿ ರಬ್ಬರು ಒಣಗಿದೆ. ನನ್ನ ಮೊದಲನೇ ಬೂಟು, ಕಾರ್ ಜೊತೆ ಬಂದಿದ್ದು, ಹೀಗೇ ಹೋಗಿತ್ತು, ಅದಕ್ಕೆ ಬೇಜಾರಿಲ್ಲ. ಉಬ್ಬಿನ ನೆತ್ತಿ ಮೇಲೆ ಸುತ್ತಲೂ ಒಂದೇ ಗೆರೆಲಿ ಸವೆದು ಹೊಳೀತಿದ್ರೆ ಶಾಫ್ಟ್ ಜೊತೆ ತಿರುಗದ ಯಾವುದೋ ವಸ್ತು ತಾಗ್ತಿದೆ, ಕ್ಲಿಪ್ಪಿಂದ ಬಿಚ್ಕೊಂಡ ಎಬಿಎಸ್ ವೈರು (ವೀಲ್ ಸ್ಪೀಡ್ ಸೆನ್ಸರಿಂದು), ಜೋತಾಡೋ ಬ್ರೇಕ್ ಹೋಸು, ಇಂಥದ್ದು ಹುಡುಕಿ. ಒಂದು ಮಡಿಕೆ ಒಳಕ್ಕೆ ಹೀರ್ಕೊಂಡು ಕೂತು ಅಲ್ಲೇ ಸವೆದಿದ್ರೆ ಹಾಕುವಾಗ ಒಳಗಿನ ಗಾಳಿ ಸರಿ ಮಾಡಿಲ್ಲ. ರಬ್ಬರ್ ಚೆನ್ನಾಗೇ ಇದ್ದು ತುದಿಯಿಂದ ಮಾತ್ರ ಗ್ರೀಸ್ ಬಂದಿದ್ರೆ ಬೂಟ್ ಹರಿದೇ ಇಲ್ಲ, ತುದಿನ ಬಿಗಿಯಾಗಿ ಹಿಡಿಯೋ ಪಟ್ಟಿ, ಅಂದ್ರೆ ಕ್ಲಾಂಪ್, ಸಡಿಲ ಆಗಿದೆ. ಇನ್ನು ಒಂದೇ ಒಂದು ಕಡೆ ಚಾಕು ಹಾಕಿದ ಹಾಗೆ ಸೀಳಿದ್ರೆ ಕಲ್ಲು, ತಂತಿ, ಇಲ್ಲಾ ಸ್ಕ್ರೂಡ್ರೈವರ್ ತಾಗಿದೆ. ಅಂಚು ಕಚ್ಚಿ ಕಚ್ಚಿ ತೆಗೆದ ಥರ ಇದ್ರೆ ಇಲಿ, ಶೆಡ್ಡಲ್ಲಿ ತುಂಬಾ ದಿನ ನಿಂತ ಕಾರಿಗೆ ಇದು ಹೊಸದೇನಲ್ಲ.

ನನಗೆ ಎರಡನೇ ಸಲ ಹರಿದಾಗ ಮೊದ್ಲು ಬಂದ ಯೋಚನೆ ಲೋಯರಿಂಗ್ ಸ್ಪ್ರಿಂಗು. ಕಾರು ತಗ್ಗಿದ್ರೆ ಶಾಫ್ಟಿನ ಕೋನ ಬದಲಾಗುತ್ತೆ, ಬೂಟು ಯಾವಾಗ್ಲೂ ಬಾಗೇ ಇರುತ್ತೆ, ಮಡಿಕೆ ಮಡಿಕೆಗೆ ಉಜ್ಜುತ್ತೆ, ಎಲ್ಲಾ ಸರಿಯಾಗೇ ಕಾಣ್ತು. ಅಪ್ಪನಿಗೂ ಖುಷಿ, "ನಾನ್ ಹೇಳ್ಲಿಲ್ವಾ" ಅಂದ್ರು. ಸ್ಪ್ರಿಂಗ್ ಮಾರೋಕೆ ಫೋಟೋನೂ ತೆಗೆದಿದ್ದೆ. ಆದ್ರೆ ಬಲಗಡೆ ಬೂಟು ಅದೇ ಸ್ಪ್ರಿಂಗ್ ಇಟ್ಕೊಂಡು ಫ್ಯಾಕ್ಟ್ರಿ ರಬ್ಬರಲ್ಲೇ ಓಡ್ತಾ ಇದೆಯಲ್ಲ ಅಂತ ತಲೆಗೆ ಬಂತು. ಎಡಗಡೆ ಶಾಫ್ಟ್ ಗಿಡ್ಡ, ಕೋನ ಜಾಸ್ತಿ, ಅದಕ್ಕಿರ್ಬಹುದು ಅಂತ ಮತ್ತೆ ಅನುಮಾನ. ಹೀಗೆ ಎರಡು ದಿನ ಒದ್ದಾಡಿದ ಮೇಲೆ ಬನ್ನಿಮಂಟಪದ ಕಡೆ ಶೆಡ್ ಇಟ್ಕೊಂಡಿರೋ ಹಿರಿಯ ಮೆಕ್ಯಾನಿಕ್ ಒಬ್ರ ಹತ್ರ ಹೋದೆ, ಎಲ್ಲರೂ ಭಾಯ್ ಅಂತ ಕರೀತಾರೆ.

ಭಾಯ್ ಬೂಟನ್ನ ಶಾಫ್ಟಿಂದ ಕುಯ್ಯಲೇ ಇಲ್ಲ, ಹಾಗೇ ಇರೋವಾಗ್ಲೇ ಒರೆಸಿ ಕೈಯಲ್ಲಿ ತಿರುಗ್ಸಿ ತಿರುಗ್ಸಿ ನೋಡಿದ್ರು. ಸೀಳು ಒಂದೇ ಕಡೆ, ಹೆಬ್ಬೆರಳಿನ ಉಗುರಗಲ, ಶಾಫ್ಟ್ ಮೇಲೆ ಕೂರೋ ಸಣ್ಣ ತುದಿಯ ಪಕ್ಕದ ಮೊದಲನೇ ಮಡಿಕೆಲಿ. "ನೋಡಿ ಸಾರ್, ಶಾಫ್ಟ್ ತಿರುಗ್ತಾ ಇರುತ್ತೆ. ಕೋನದಿಂದ ಸವೆದ್ರೆ ಸುತ್ತಾ ಸವೀಬೇಕು, ಒಂದೇ ಕಡೆ ಯಾಕೆ ಸವಿಯುತ್ತೆ? ಒಂದೇ ಕಡೆ ಹೋಗಿದೆ ಅಂದ್ರೆ ಒಂದ್ಸಲ ಏನೋ ಹೊಡೆದಿದೆ, ಇಲ್ಲಾ ಬೂಟ್ ಜೊತೇಲೇ ತಿರುಗೋದು ಏನೋ ಚುಚ್ಚಿದೆ." ಹೇಳ್ತಾ ಹೇಳ್ತಾನೇ ಬೆರಳು ಕ್ಲಾಂಪ್ ಹತ್ರ ಹೋಯ್ತು.

ಕ್ಲಾಂಪ್ ಅಲ್ಲ ಅದು. ಬೈಂಡಿಂಗ್ ವೈರು, ಸೆಂಟ್ರಿಂಗ್ ಕೆಲಸಕ್ಕೆ ಕಬ್ಬಿಣ ಕಟ್ತಾರಲ್ಲ ಅದು. ಹಿಂದೆ ಬೂಟ್ ಹಾಕಿದ್ದ ಗ್ಯಾರೇಜಲ್ಲಿ ಸಣ್ಣ ತುದಿಗೆ ಕ್ಲಾಂಪ್ ಸಿಗ್ಲಿಲ್ವೋ ಏನೋ, ಎರಡು ಸುತ್ತು ತಂತಿ ಸುತ್ತಿ, ಪ್ಲೇಯರಲ್ಲಿ ತಿರುಚಿ, ಆ ತಿರುಚಿದ ಬಾಲನ ಮಡಿಕೆ ಕಡೆಗೆ ಬಗ್ಗಿಸಿ ಬಿಟ್ಟಿದ್ರು. ವೀಲ್ ನೇರ ಇದ್ದಾಗ ಬಾಲಕ್ಕೂ ರಬ್ಬರಿಗೂ ನಡುವೆ ಒಂದು ಬೆರಳು ಜಾಗ. ಭಾಯ್ ಸ್ಟೇರಿಂಗ್ ಪೂರ್ತಿ ತಿರುಗ್ಸಿ ವೀಲನ್ನ ಕೈಯಲ್ಲಿ ನಿಧಾನ ಸುತ್ತಿಸಿದ್ರು, ಬೂಟಿನ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಕುಗ್ಗುತ್ತಲ್ಲ, ಆ ಕುಗ್ಗೋ ಮಗ್ಗುಲಿಗೆ ತಂತಿ ಬಾಲ ಬಂದಾಗ ಮೊದಲನೇ ಮಡಿಕೆ ಬಂದು ಸೀದಾ ಅದರ ಮೇಲೆ ಕೂರ್ತು. ಒಂದು ಸುತ್ತಿಗೆ ಒಂದು ಚುಚ್ಚು. ನಮ್ಮನೆ ಇರೋದು ಕುವೆಂಪುನಗರದ ಇಕ್ಕಟ್ಟಾದ ಅಡ್ಡರಸ್ತೆಲಿ, ಬೆಳಗ್ಗೆ ಸಂಜೆ ಸ್ಟೇರಿಂಗ್ ಪೂರ್ತಿ ತಿರುಗ್ಸಿ ಫುಲ್ ಲಾಕ್ ಹೊಡೆದೇ ಕಾರು ಒಳಗೆ ಹೊರಗೆ, ಮೂರು ತಿಂಗಳು ತಡ್ಕೊಂಡಿದ್ದೇ ಆ ರಬ್ಬರಿನ ದೊಡ್ಡತನ. ಸ್ಪ್ರಿಂಗ್ ಫೋಟೋ ಡಿಲೀಟ್ ಮಾಡ್ದೆ.

ಬರೀ ಬೂಟಾ, ಜಾಯಿಂಟಾ, ಪೂರ್ತಿ ಆಕ್ಸಲ್ಲಾ

ಒಳಗಿರೋ ಗ್ರೀಸನ್ನ ಒಂಚೂರು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ನುಣ್ಣಗಿದ್ರೆ ಮಣ್ಣು ಹೋಗಿಲ್ಲ. ರವೆ ಸಿಕ್ಕಿದ ಹಾಗೆ ಕರಕರ ಅಂದ್ರೆ ಹೋಗಿದೆ. ಬಿಳಿ ಬಟ್ಟೆ ಮೇಲೆ ತೆಳುವಾಗಿ ಸವರಿ ಬಿಸಿಲಲ್ಲಿ ನೋಡಿ, ಮಿಣಮಿಣ ಲೋಹದ ಪುಡಿ ಕಂಡ್ರೆ ಗುಂಡು ಸವೀತಿದೆ. ಕಂದು ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ. ಜಾಯಿಂಟ್ ಬಿಚ್ಚಿ ತೊಳ್ದ ಮೇಲೆ ಕಾಲುವೆಗಳ ಮೇಲೆ ಉಗುರು ಎಳೀರಿ, ಎಲ್ಲಾದ್ರೂ ಉಗುರು ತಡೀತು, ಗುಳಿ ಸಿಕ್ತು ಅಂದ್ರೆ ಆ ಜಾಯಿಂಟಿಗೆ ಹೊಸ ಬೂಟ್ ಹಾಕೋದು ದಂಡ. ಸದ್ದಿಲ್ಲ, ಗುಳಿ ಇಲ್ಲ, ಅಂದ್ರೆ ಬೂಟ್ ಕಿಟ್ ಸಾಕು. ನಂದು ಅದೃಷ್ಟಕ್ಕೆ ಹಾಗೇ ಇತ್ತು, ವಾಟರ್ ಸರ್ವಿಸ್ ಹುಡುಗ ಬೇಗ ನೋಡಿದ್ದಕ್ಕೆ. ಗುಳಿ ಇದ್ರೆ ಹೊರಗಿನ ಜಾಯಿಂಟ್ ಮಾತ್ರ ಬೇರೆಯಾಗಿ ಸಿಗುತ್ತಾ ವಿಚಾರ್ಸಿ, ಪೂರ್ತಿ ಆಕ್ಸಲ್ಲೇ ಬೇಕು ಅಂತ ಯಾರಾದ್ರೂ ಅಂದ್ರೆ ಒಳಗಿನ ಜಾಯಿಂಟಲ್ಲಿ ಏನು ಕಂಪ್ಲೇಂಟ್ ಅಂತ ತೋರ್ಸಿ ಅನ್ನಿ.

ಉದ್ದಕ್ಕೆ ಸೀಳೇ ಮಾರೋ ಬೂಟ್ ಬರುತ್ತೆ, ಏನೂ ಬಿಚ್ಚದೇ ಸುತ್ತಿ ಗಮ್ ಹಾಕಿ ಅಂಟ್ಸೋದು. ಊರು ಸೇರೋ ತನಕ ಓಕೆ, ಗ್ರೀಸ್ ಮೆತ್ತಿರೋ ಜಾಗದಲ್ಲಿ ಗಮ್ ಎಷ್ಟು ದಿನ ನಿಲ್ಲುತ್ತೆ ನೀವೇ ಯೋಚಿಸಿ. ಇನ್ನೊಂದು ಎಲ್ಲಾ ಕಾರಿಗೂ ಆಗೋ ಹಿಗ್ಗೋ ಬೂಟು, ಅದು ಪರವಾಗಿಲ್ಲ, ಆದ್ರೂ ನಿಮ್ಮ ಕಾರಿಂದೇ ಅಳತೆದು ಸಿಗ್ತಿದ್ರೆ ಅದನ್ನೇ ತಗೊಳಿ, ಕ್ಲಾಂಪು, ಜಾಯಿಂಟ್ ಹಿಡಿಯೋ ಲಾಕ್ ರಿಂಗು, ಗ್ರೀಸ್ ಪೊಟ್ಟಣ ಎಲ್ಲಾ ಒಂದೇ ಡಬ್ಬಿಲಿ ಬರುತ್ತೆ.

ಕೆಲಸ

ವೀಲ್ ನಡುವೆ ಶಾಫ್ಟ್ ತುದಿನ ಹಿಡಿದಿರೋ ಹಬ್ ನಟ್ಟನ್ನ ಕಾರು ನೆಲದ ಮೇಲಿರುವಾಗ್ಲೇ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ವೀಲಿಗೆ ಕಲ್ಲು ಕೊಟ್ಟು, ಉದ್ದ ರಾಡಲ್ಲಿ ಕಾಲು ಸುತ್ತು ಮಾತ್ರ ಸಡಿಲ ಮಾಡಿ. ಅದಕ್ಕಿಂತ ಜಾಸ್ತಿ ಬೇಡ, ನಟ್ ಸಡಿಲ ಇದ್ದು ಕಾರಿನ ಭಾರ ಬಿದ್ರೆ ವೀಲ್ ಬೇರಿಂಗ್ ಹಾಳಾಗುತ್ತೆ. ಅದೇ ಕಾರಣಕ್ಕೆ ಶಾಫ್ಟ್ ಬಿಚ್ಚಿಟ್ಟು ಕಾರನ್ನ ಪಕ್ಕಕ್ಕೆ ತಳ್ಳೋಣ ಅಂತಾನೂ ಹೋಗ್ಬೇಡಿ. ಆಮೇಲೆ ಜಾಕ್, ಜಾಕ್ ಜೊತೆ ಸ್ಟ್ಯಾಂಡು. ಬಿಚ್ಚಿದ ವೀಲನ್ನ ಕಾರಿನ ಕೆಳಗೆ ಮಲಗ್ಸಿಡೋದು ಭಾಯ್ ಅಭ್ಯಾಸ, ಒಳ್ಳೇದು.

ಎಬಿಎಸ್ ವೈರನ್ನ ಕ್ಲಿಪ್ಪಿಂದ ಬಿಡಿಸಿ, ಲೋವರ್ ಆರ್ಮಿನ ಬಾಲ್ ಜಾಯಿಂಟ್ ಕಳಚಿ, ಕಳಚೋ ಮುಂಚೆ ಬೋಲ್ಟ್ ಕೂತ ಜಾಗಕ್ಕೆ ಪೇಂಟಲ್ಲಿ ಗುರುತು ಹಾಕಿ, ಇಲ್ಲ ಅಂದ್ರೆ ಆಮೇಲೆ ಅಲೈನ್ಮೆಂಟ್ ಕಾಸು ಎಕ್ಸ್‌ಟ್ರಾ. ಸ್ಟ್ರಟ್ಟನ್ನ ಆಚೆ ಎಳೆದ್ರೆ ಶಾಫ್ಟ್ ತುದಿ ಹಬ್ಬಿಂದ ಬರುತ್ತೆ, ಬರ್ದಿದ್ರೆ ನೇರ ಸುತ್ತಿಗೇಲಿ ಹೊಡೀಬೇಡಿ, ಥ್ರೆಡ್ ಹೋಗುತ್ತೆ, ಹಳೇ ನಟ್ಟನ್ನ ತುದಿಗೆ ಹಾಕಿ ಅದರ ಮೇಲೆ ಮರದ ತುಂಡಿಟ್ಟು ತಟ್ಟಿ. ನನ್ನ ಕಾರಲ್ಲಿ ಹೊರಗಿನ ಜಾಯಿಂಟು ಶಾಫ್ಟ್ ಮೇಲೆ ಒಂದು ಲಾಕ್ ರಿಂಗಿಂದ ನಿಂತಿರುತ್ತೆ, ಹಿತ್ತಾಳೆ ರಾಡಿಟ್ಟು ಒಂದು ಸರಿಯಾದ ಏಟು ಕೊಟ್ರೆ ಜಾರಿ ಬರುತ್ತೆ. ಭಾಯ್‌ಗೆ ಒಂದೇ ಏಟು, ನನಗೆ ಆರು. ಕೆಲವು ಕಾರಲ್ಲಿ ಲಾಕನ್ನ ಪ್ಲೇಯರಲ್ಲಿ ಅಗಲಿಸ್ಬೇಕು, ಹೊಡೆಯೋ ಮುಂಚೆ ಯಾವುದು ಅಂತ ನೋಡ್ಕೊಳಿ. ಲಾಕ್ ಹಿಂದೆ ವಾಷರ್ ಇದ್ರೆ ಯಾವ ಮುಖ ಯಾವ ಕಡೆ ಅಂತ ಫೋಟೋ ತೆಗೀರಿ.

ತೊಳ್ದು, ಪೂರ್ತಿ ಒಣಗಿಸಿ. ಸೀಮೆಎಣ್ಣೆ ಹನಿ ಉಳಿದ್ರೂ ಹೊಸ ಗ್ರೀಸು ತೆಳ್ಳಗಾಗುತ್ತೆ. ಈಗ ಶಾಫ್ಟ್ ಮೇಲೆ ಮೊದ್ಲು ಸಣ್ಣ ಕ್ಲಾಂಪು, ಆಮೇಲೆ ಬೂಟು, ಆಮೇಲೆ ದೊಡ್ಡ ಕ್ಲಾಂಪು, ಕೊನೇಲಿ ಜಾಯಿಂಟು. ಇದನ್ನ ಬರೀತಿರೋದು ಯಾಕಂದ್ರೆ ನಾನು ಹೊಸ ಲಾಕ್ ಹಾಕಿ ಜಾಯಿಂಟ್ ಕೂರ್ಸಿ, ಭೇಷ್ ಅಂತ ತಿರುಗಿ ನೋಡಿದ್ರೆ ಸಣ್ಣ ಕ್ಲಾಂಪು ಬೆಂಚ್ ಮೇಲೆ ಕೂತು ನನ್ನನ್ನೇ ನೋಡ್ತಿತ್ತು. ಶೆಡ್ಡಿನ ಹುಡುಗ್ರೆಲ್ಲಾ ನಕ್ರು.

ಗ್ರೀಸು ಮಾಲಿಬ್ಡಿನಂ ಇರೋ ಸಿವಿ ಗ್ರೀಸೇ ಆಗ್ಬೇಕು, ಬೇರಿಂಗಿಗೆ ಹಾಕೋ ಗ್ರೀಸ್ ಡಬ್ಬಿ ಪಕ್ಕದಲ್ಲಿದೆ ಅಂತ ಅದನ್ನೇ ಮೆತ್ತಬೇಡಿ. ಕಿಟ್ಟಲ್ಲಿ ಬಂದಿರೋ ಪೊಟ್ಟಣ ಪೂರ್ತಿ ಖಾಲಿ ಮಾಡಿ, ಅರ್ಧ ಗುಂಡುಗಳ ನಡುವೆ ಬೆರಳಲ್ಲಿ ಒತ್ತಿ ತುಂಬಿ, ಉಳಿದದ್ದು ಬೂಟ್ ಒಳಗೆ. ದೊಡ್ಡ ಕ್ಲಾಂಪ್ ಬಿಗಿ ಮಾಡಿ. ಸಣ್ಣದನ್ನ ಬಿಗಿ ಮಾಡೋ ಮುಂಚೆ ಜಾಯಿಂಟ್ ನೇರ ಇಟ್ಟು, ಮೊಂಡು ಸ್ಕ್ರೂಡ್ರೈವರ್ ತುದಿಯಿಂದ ಬೂಟಿನ ತುಟಿ ಒಂಚೂರು ಎತ್ತಿ, ಪುಸ್ ಅಂತ ಗಾಳಿ ಹೋಗುತ್ತೆ ಇಲ್ಲಾ ಒಳಗೆ ಬರುತ್ತೆ, ಮಡಿಕೆಗಳೆಲ್ಲಾ ಒಂದೇ ಸಮ ಕೂರ್ತವೆ, ಆಮೇಲೆ ಬಿಗಿ. ಕಿವಿ ಇರೋ ಸ್ಟೀಲ್ ಕ್ಲಾಂಪಾದ್ರೆ ಅದರ ಪ್ಲೇಯರೇ ಬೇಕು, ಇಲ್ಲಾ ಮೊಳೆ ಕೀಳೋ ಇಕ್ಕಳದಲ್ಲಿ ಹುಷಾರಾಗಿ, ಕಿವಿ ಕಟ್ ಆಗ್ಬಾರ್ದು. ಪ್ಲಾಸ್ಟಿಕ್ ಟ್ಯಾಗ್ ಬೇಡ. ಬೈಂಡಿಂಗ್ ವೈರಂತೂ ಶೆಡ್ ಒಳಗೇ ಬೇಡ.

ಹಬ್ ನಟ್ ಹಳೇದು ಹಾಕ್ಬಾರ್ದು, ಹೊಸದು ತಗೊಳಿ, ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರೋ ಟಾರ್ಕಿಗೆ, ಜೊತೆಗೆ ಇಷ್ಟು ಡಿಗ್ರಿ ಅಂತ ಕೊಟ್ಟಿದ್ರೆ ಅಷ್ಟಕ್ಕೆ ಟೈಟ್ ಮಾಡಿ, ಗಾಳಿ ಗನ್ನಲ್ಲಿ ಟರ್ ಅನ್ನಿಸಿ ಬಿಡೋ ಜಾಗ ಅಲ್ಲ ಅದು. ಪೋಲೋ ವೀಲ್ ಬೋಲ್ಟಿಗೆ 120 ನ್ಯೂಟನ್ ಮೀಟರ್. ಬಿಚ್ಚಿಟ್ಟ ಎಬಿಎಸ್ ವೈರ್ ಕ್ಲಿಪ್ಪಿಗೆ ವಾಪಸ್ ಹೋಯ್ತಾ ನೋಡಿ, ಅದನ್ನ ಮರೆತ್ರೆ ಮುಂದಿನ ಬೂಟನ್ನ ಅದೇ ತಿನ್ನುತ್ತೆ.

ಕಾರು ಇಳಿಸೋ ಮುಂಚೆ ಫುಲ್ ಲಾಕ್ ತಿರುಗ್ಸಿ ವೀಲನ್ನ ಕೈಯಲ್ಲಿ ಹತ್ತು ಸುತ್ತು ಸುತ್ತಿಸಿ, ಎರಡೂ ಕಡೆ. ಕ್ಲಾಂಪಿನ ಯಾವ ಚೂಪೂ ಮಡಿಕೆಗೆ ತಾಗ್ಬಾರ್ದು. ಐದು ನಿಮಿಷದ ಕೆಲಸ, ಹಿಂದಿನ ಸಲ ಯಾರಾದ್ರೂ ಇದೊಂದು ಮಾಡಿದ್ರೆ ನಾನು ಇಷ್ಟು ಬರೆಯೋ ಪ್ರಮೇಯನೇ ಬರ್ತಿರ್ಲಿಲ್ಲ. ವೀಲ್ ಒಳಮೈ ಪೂರ್ತಿ ತೊಳೆದೇ ಹಾಕಿ, ಹಳೇ ಗ್ರೀಸ್ ಹಾಗೇ ಇದ್ರೆ ನಾಳೆ ಹೊಸದಾಗಿ ಸಿಡಿದಿದ್ದು ಗೊತ್ತಾಗಲ್ಲ. ಒಂದು ನೂರು ಕಿಲೋಮೀಟರ್ ಓಡ್ಸಿ ಮತ್ತೆ ಟಾರ್ಚ್ ಹಿಡಿದು ನೋಡಿ. ನಾನು ಮೈಸೂರಿಂದ ಮಂಡ್ಯಕ್ಕೆ ಹೋಗಿ ಬಂದು ನೋಡ್ದೆ, ಒಣಗಿತ್ತು.

ಬಲಗಡೆ ಬೂಟಿನ ಒಳಗುಳಿಲಿ ಈಗ ಕೂದಲೆಳೆ ಬಿರುಕು ಕಾಣ್ತಿದೆ, ಸುತ್ತಾ ಇದೆ, ಅಂದ್ರೆ ವಯಸ್ಸು. ಕಿಟ್ ತಂದು ಡಿಕ್ಕಿಲಿ ಇಟ್ಟಿದ್ದೀನಿ, ದಸರಾ ರಜೆಲಿ ಅದು. ಸಣ್ಣ ಕ್ಲಾಂಪನ್ನ ಈಗ್ಲೇ ಬೂಟಿಗೆ ಸಿಕ್ಕಿಸಿ ಇಟ್ಟಿದ್ದೀನಿ.